ಒಂಬತ್ತು ಸಹಿಗಳು ಮತ್ತು ಸರಸ್ವತಿಪುರದ ಅಜ್ಜಿಯ ಪುಸ್ತಕ

ಆರ್.ಕೆ. ನಾರಾಯಣ್ ಅವರ ಸಹಿ ಇರುವ ಪುಸ್ತಕಗಳನ್ನು ಕೂಡಿಡಲು ಶುರುಮಾಡಿ ಈ ಜೂನ್‌ಗೆ ನಾಲ್ಕು ವರ್ಷ. ಕಳೆದ ಸಲ ಲೆಕ್ಕ ಬರೆದಾಗ ನನ್ನ ಬಳಿ ಹತ್ತು ಪ್ರತಿಗಳಿದ್ದವು, ಈಗ ಒಂಬತ್ತಿವೆ. ಯಾವುದನ್ನೂ ಮಾರಲಿಲ್ಲ. ಹತ್ತರಲ್ಲಿ ಒಂದು ಸುಳ್ಳು ಎಂದು ತಿಳಿಯಿತು.

ಅದನ್ನು ಅಂಚೆಯಲ್ಲಿ ತರಿಸಿದ್ದೆ. ಕೊಟ್ಟದ್ದು 4,200 ರೂಪಾಯಿ. ನೀಲಿ ಶಾಯಿಯ ಸಹಿ ಕಣ್ಣಿಗೆ ಕಟ್ಟುವಂತಿತ್ತು. ಭೂತಗನ್ನಡಿ ಹಿಡಿದು ಅಕ್ಷರ ಅಕ್ಷರ ನೋಡಿದ್ದೆ. ತಿಂಗಳಾದ ಮೇಲೆ ನೋಟ್‌ಬುಕ್ಕಿನಲ್ಲಿ ವಿವರ ಬರೆಯಲು ಕುಳಿತು ಶೀರ್ಷಿಕೆ ಪುಟದ ಬೆನ್ನಿಗೆ ತಿರುಗಿಸಿದರೆ, ಅಲ್ಲಿ ಮರುಮುದ್ರಣದ ವರ್ಷ 2004 ಎಂದಿದೆ. ನಾರಾಯಣ್ ತೀರಿಕೊಂಡದ್ದು 2001ರ ಮೇ 13ರಂದು. ಕೈಯಲ್ಲಿದ್ದ ಪೆನ್ಸಿಲ್ ಹಾಗೆಯೇ ನಿಂತಿತು. ಮಾರಿದವರು ಹಣ ಹಿಂದಿರುಗಿಸಲಿಲ್ಲ. ಅಂದಿನಿಂದ ಪುಸ್ತಕದ ವಯಸ್ಸು ಖಚಿತವಾಗುವ ತನಕ ಸಹಿಯ ಪುಟ ತೆರೆಯುವುದಿಲ್ಲ. ಸಹಿಯ ಚೆಲುವು ಮೊದಲು ಕಣ್ಣಿಗೆ ಬಿದ್ದರೆ ಉಳಿದದ್ದೆಲ್ಲ ಮಸುಕಾಗುತ್ತದೆ.

ಮುದ್ರಣದ ವರ್ಷ ಸರಿಹೊಂದಿದರೆ ಮುಂದಿನ ಕೆಲಸ ಬೆಳಕಿನದು. ಕೋಣೆಯನ್ನು ಕತ್ತಲು ಮಾಡಿ, ಮೊಬೈಲ್ ಟಾರ್ಚನ್ನು ಪುಟದ ಮಟ್ಟಕ್ಕೆ ಇಳಿಸಿ ಅಡ್ಡಲಾಗಿ ಹಾಯಿಸುತ್ತೇನೆ. ಬಾಲ್ ಪೆನ್ನಿನಲ್ಲಿ ಬರೆದದ್ದಾದರೆ ಕಾಗದದಲ್ಲಿ ಸಣ್ಣ ಕಾಲುವೆ ಬಿದ್ದಿರುತ್ತದೆ, ಪುಟದ ಹಿಂಬದಿಯಲ್ಲಿ ಬೆರಳಾಡಿಸಿದರೆ ಅದರ ಏಣು ಸಿಗುತ್ತದೆ. ಶಾಯಿ ಪೆನ್ನಾದರೆ ಗೆರೆಯ ಅಂಚು ಕಾಗದದ ನಾರಿನೊಳಗೆ ಕೂದಲೆಳೆಯಷ್ಟು ಹರಡಿರುತ್ತದೆ, ಗೆರೆಯ ಮೇಲೆ ಗೆರೆ ಹಾದಲ್ಲಿ ಬಣ್ಣ ದಟ್ಟವಾಗಿರುತ್ತದೆ. ಅಚ್ಚಿನಲ್ಲೇ ಬಂದ ಸಹಿಗೆ ಈ ಏರಿಳಿತ ಇರುವುದಿಲ್ಲ, ಆದಿಯಿಂದ ಅಂತ್ಯದವರೆಗೆ ಒಂದೇ ಬಣ್ಣ.

ಈ ವರ್ಷ ಹೊಸದಾಗಿ ಕಲಿತದ್ದು ನೋಟು ಪರೀಕ್ಷಿಸುವ ನೇರಳೆ ಟಾರ್ಚಿನ ಉಪಯೋಗ. ಕಾಗದವನ್ನು ಬೆಳ್ಳಗೆ ಕಾಣಿಸುವ ರಾಸಾಯನಿಕಗಳು ಬಳಕೆಗೆ ಬಂದದ್ದು 1950ರ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನ ಕಾಗದ ಆ ಬೆಳಕಿನಲ್ಲಿ ಮಂಕಾಗಿಯೇ ಇರುತ್ತದೆ, ಅವನ್ನು ಬೆರೆಸಿದ ಹೊಸ ಕಾಗದ ನೀಲಿಯಾಗಿ ಹೊಳೆಯುತ್ತದೆ. ಒಂದು ರಾತ್ರಿ ನನ್ನ ಒಂಬತ್ತನ್ನೂ ಸಾಲಾಗಿ ಇಟ್ಟು ನೋಡಿದೆ. ಎಂಟು ಸುಮ್ಮನಿದ್ದವು. 1940ರ ದಶಕದ ಒಂದು ಪುಸ್ತಕದಲ್ಲಿ ಸಹಿ ಇರುವ ಹಾಳೆ ಮಾತ್ರ ಹೊಳೆಯಿತು. ಬೇರೆಲ್ಲಿಂದಲೋ ತಂದು ಅಂಟಿಸಿದ ಹಾಳೆ. ಸಹಿ ನಿಜವೇ ಇರಬಹುದು, ಆದರೆ ಅದು ಈ ಪುಸ್ತಕದ್ದಲ್ಲ. ನೋಟ್‌ಬುಕ್ಕಿನಲ್ಲಿ ಅದರ ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದೇನೆ.

ಬೆಲೆಯ ಬಗ್ಗೆ ಹಲವರು ಕೇಳುತ್ತಾರೆ. ಮಾರುವವರು ಹೇಳಿದ ಬೆಲೆ ಬೆಲೆಯಲ್ಲ, ಹರಾಜಿನಲ್ಲಿ ನಿಜಕ್ಕೂ ಕೈ ಬದಲಾದ ಮೊತ್ತವನ್ನಷ್ಟೇ ಗುರುತು ಹಾಕಿಕೊಳ್ಳುತ್ತೇನೆ. ಲಂಡನ್ನಿನ ಮೊದಲ ಮುದ್ರಣಗಳು ಮೇಲೆ, ಅದರಲ್ಲೂ ಹೊದಿಕೆ ಕಾಗದ ಉಳಿದಿದ್ದರೆ ಇನ್ನೂ ಮೇಲೆ. ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ನೆರವಿನಿಂದ 1935ರಲ್ಲಿ ಹೊರಬಂದ 'ಸ್ವಾಮಿ ಅಂಡ್ ಫ್ರೆಂಡ್ಸ್' ಮೊದಲ ಮುದ್ರಣವನ್ನು ನಾನು ಇನ್ನೂ ಮುಟ್ಟಿಲ್ಲ, ಮುಟ್ಟುವ ಶಕ್ತಿಯೂ ನನ್ನ ಪಿಂಚಣಿಗಿಲ್ಲ. ಆದರೆ ನನ್ನ ಮನಸ್ಸು ಇರುವುದು ಮೈಸೂರಿನ ಮುದ್ರಣಗಳ ಮೇಲೆ. ಯುದ್ಧದಿಂದಾಗಿ ಲಂಡನ್ನಿನ ಪ್ರಕಾಶಕರ ಸಂಪರ್ಕ ಕಡಿದಾಗ, 1942ರಲ್ಲಿ ನಾರಾಯಣ್ ಇಲ್ಲೇ 'ಇಂಡಿಯನ್ ಥಾಟ್ ಪಬ್ಲಿಕೇಷನ್ಸ್' ಆರಂಭಿಸಿದರು. 'ಮಾಲ್ಗುಡಿ ಡೇಸ್' ಮೊದಲು ಬಂದದ್ದು ಅಲ್ಲಿಂದಲೇ, 1943ರಲ್ಲಿ. 1982ರಲ್ಲಿ ಅಮೆರಿಕದಿಂದ ಅದೇ ಹೆಸರಿನಲ್ಲಿ ಬಂದ ಸಂಕಲನ ಬೇರೆಯದೇ. ಹೆಸರು ಒಂದೇ ಆದ್ದರಿಂದ ಎರಡನ್ನೂ ಒಂದೇ ಎಂದು ತಿಳಿದು ಮೋಸಹೋಗುವವರಿದ್ದಾರೆ. ಕೊಳ್ಳುವ ಮುನ್ನ ಪ್ರಕಾಶಕರ ಹೆಸರು ಓದಿ. ಶಂಕರ್‌ನಾಗ್ ಅವರ ಧಾರಾವಾಹಿಯಿಂದ ಈ ಹೆಸರು ಮನೆಮಾತಾಗಿರುವುದರಿಂದ ಕೇಳುವವರೂ ಹೆಚ್ಚು.

ಇನ್ನು ಆಗಬಾರದಿದ್ದ ಒಂದು ಸಂಗತಿ. ಎರಡು ವರ್ಷದ ಹಿಂದೆ ಪುರಭವನದ ಹತ್ತಿರ 150 ರೂಪಾಯಿಗೆ 'ದಿ ಗೈಡ್' ಸಿಕ್ಕಿತ್ತು. ಒಳಗಿನ ಮೊದಲ ಹಾಳೆಯ ಕೆಳ ಅಂಚಿಗೆ ಸಹಿ, ಅದರ ಪಕ್ಕದಲ್ಲಿ ನಾಲ್ಕಂಕಿಯ ವರ್ಷ. ಹೊಲಿಗೆ ಬಿಟ್ಟುಹೋಗಿತ್ತೆಂದು ಬೈಂಡಿಂಗಿಗೆ ಕೊಟ್ಟೆ. ನಾಲ್ಕು ದಿನ ಬಿಟ್ಟು ಹೋದಾಗ ಕೆಂಪು ಕ್ಯಾಲಿಕೋ ಬಟ್ಟೆ ಹಾಕಿದ ಅಚ್ಚುಕಟ್ಟಾದ ಪುಸ್ತಕ ಕೈಗೆ ಬಂತು. ತೆರೆದೆ. ಸಹಿ ಇತ್ತು, ವರ್ಷ ಇದ್ದ ಕಡೆ '196' ಎಂದಷ್ಟೇ ಇತ್ತು. ಕೊನೆಯ ಅಂಕಿ ಕತ್ತರಿಸುವ ಯಂತ್ರದ ಪಾಲಾಗಿತ್ತು.

"ಮೂರೂ ಅಂಚು ಸಮ ಮಾಡದೆ ಬೈಂಡಿಂಗ್ ಹೇಗೆ ಮಾಡುವುದು, ಸರ್?" ಎಂದು ಬೈಂಡಿಂಗಿನವರು ನೊಂದುಕೊಂಡೇ ಕೇಳಿದರು. ಅವರ ಕಸುಬಿನಲ್ಲಿ ಅದೇ ಸರಿ. ಕತ್ತರಿಸಬೇಡಿ ಎಂದು ಮೊದಲೇ ಹೇಳದಿದ್ದದ್ದು ನನ್ನ ತಪ್ಪು. ಇಬ್ಬರೂ ನೆಲದ ಮೇಲೆ ಕುಳಿತು ಕತ್ತರಿಸಿದ ಕಾಗದದ ಚೀಲವನ್ನು ಸುರಿದು ಅರ್ಧ ಗಂಟೆ ಹುಡುಕಿದೆವು. ಮದುವೆ ಕರೆಯೋಲೆಯ ಗುಲಾಬಿ ಚೂರುಗಳ ನಡುವೆ ಹಳದಿ ಪಟ್ಟಿಗಳು ಸಿಕ್ಕವು, ಅಂಕಿ ಇದ್ದ ಪಟ್ಟಿ ಸಿಗಲಿಲ್ಲ. ಆ ಕಾದಂಬರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1960ರಲ್ಲಿ. ಸಹಿ ಆ ವರ್ಷದ್ದೇ ಆಗಿತ್ತೋ ನಂತರದ್ದೋ ಎಂಬುದು ಆ ಪಟ್ಟಿಯ ಜೊತೆಗೇ ಹೋಯಿತು. ಈಗ ಸಡಿಲವಾದ ಪುಸ್ತಕಗಳನ್ನು ಹತ್ತಿಯ ಪಟ್ಟಿಯಿಂದ ಕಟ್ಟಿ ರಟ್ಟಿನ ಪೆಟ್ಟಿಗೆಯಲ್ಲಿ ಇಡುತ್ತೇನೆ, ಅಷ್ಟೇ. ಅಂಟಿಲ್ಲ, ಪ್ಲಾಸ್ಟಿಕ್ ಹೊದಿಕೆಯಿಲ್ಲ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತೆರೆದು ಗಾಳಿಯಾಡಿಸುತ್ತೇನೆ, ಬಿಸಿಲಿಗಿಡುವುದಿಲ್ಲ.

ಈ ವರ್ಷದ ದೊಡ್ಡ ಸಂಗತಿ ನನ್ನದಲ್ಲದ ಒಂದು ಪುಸ್ತಕ. ದಸರೆ ಮುಗಿದ ವಾರ ಸ್ನೇಹಿತರೊಬ್ಬರು ಸರಸ್ವತಿಪುರದ ಒಂದು ಮನೆಗೆ ಕರೆದೊಯ್ದರು. ಎಂಬತ್ತು ದಾಟಿದ ಅಜ್ಜಿ. ಅವರ ಯಜಮಾನರು ಮೇಷ್ಟ್ರಾಗಿದ್ದರು, ಸಂಜೆ ನಡೆಯಲು ಹೋಗುವಾಗ ನಾರಾಯಣ್ ಎದುರಾಗಿ ಪರಿಚಯವಾಗಿತ್ತಂತೆ. ಹಳೆ ಸೀರೆಯ ತುಂಡಿನಲ್ಲಿ ಸುತ್ತಿದ್ದ ಪುಸ್ತಕವನ್ನು ಬಿಚ್ಚಿ ಕೊಟ್ಟರು. ಮೇಷ್ಟ್ರ ಹೆಸರು, ಸಹಿ, 1961ರ ಒಂದು ದಿನಾಂಕ. ಟಾರ್ಚಿನ ಬೆಳಕಿನಲ್ಲಿ ಶಾಯಿ ಅನುಮಾನಕ್ಕೆ ಎಡೆಕೊಡಲಿಲ್ಲ. ಪುಟಗಳ ನಡುವೆ ನಾಲ್ಕಾಗಿ ಮಡಿಸಿದ ಪುಸ್ತಕದಂಗಡಿಯ ರಸೀದಿಯೂ ಇತ್ತು, ಅದೂ ಅದೇ ತಿಂಗಳಿನದು.

"ಇದಕ್ಕೆ ಎಷ್ಟು ಬರುತ್ತದಪ್ಪ?" ಎಂದು ಕೇಳಿದರು.

ಕೊಳ್ಳುವ ಆಸೆ ಇರುವವನು ಬೆಲೆ ಹೇಳುವುದು ನ್ಯಾಯವಲ್ಲ. ಅದನ್ನೇ ಹೇಳಿದೆ. ನನಗೆ ತಿಳಿದ ಹರಾಜಿನ ಮೊತ್ತಗಳನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟು, ಇನ್ನೊಬ್ಬರನ್ನೂ ಕೇಳಿ ಎಂದೆ. ಯಾರಿಗೆ ಕೊಟ್ಟದ್ದೆಂದು ಹೆಸರು ಬರೆದಿದ್ದರೆ, ಆ ವ್ಯಕ್ತಿ ಪ್ರಸಿದ್ಧರಲ್ಲದಿದ್ದರೆ, ಬರಿಯ ಸಹಿಗಿಂತ ಬೆಲೆ ಕಡಿಮೆ ಎನ್ನುವ ಸಂಗ್ರಹಕಾರರು ಬಹಳ ಮಂದಿ ಇದ್ದಾರೆ. ನಾನು ಇದನ್ನು ಒಪ್ಪುವುದಿಲ್ಲ. ಬರಿಯ ಸಹಿಯನ್ನು ಎಲ್ಲಿ, ಯಾರ ಮುಂದೆ ಹಾಕಿದರೆಂದು ಹೇಳಲು ಯಾರೂ ಉಳಿದಿಲ್ಲ. ಇಲ್ಲಿ ಹೆಸರಿದೆ, ರಸೀದಿಯಿದೆ, ಎಲ್ಲಕ್ಕಿಂತ ಹೆಚ್ಚಾಗಿ ಆ ಸಂಜೆ ಪುಸ್ತಕ ಮನೆಗೆ ಬಂದದ್ದನ್ನು ನೋಡಿದ ಕಣ್ಣುಗಳಿವೆ.

ಅವರು ಮಾರುವ ಮಾತೆತ್ತಲಿಲ್ಲ. "ಮಗ ದೂರದಲ್ಲಿದ್ದಾನೆ. ಇದು ಏನೆಂದು ತಿಳಿಯದೆ ಹಳೆ ಪೇಪರಿನವನಿಗೆ ಹಾಕಿಬಿಟ್ಟಾನು. ನಾನು ಹೇಳುತ್ತೇನೆ, ನೀನು ಬರೆದುಕೋ" ಎಂದರು. ಅಂದು ಎರಡು ಪುಟ ಬರೆದೆ. ಮೇಷ್ಟ್ರು ಚಪ್ಪಲಿ ಬಿಡುವುದನ್ನೂ ಮರೆತು ನಡುಮನೆಗೆ ಬಂದು ಪುಸ್ತಕ ತೋರಿಸಿದ್ದು, ಶಾಯಿ ಇನ್ನೂ ಆರಿಲ್ಲವೆಂದು ಯಾರನ್ನೂ ಮುಟ್ಟಲು ಬಿಡದಿದ್ದದ್ದು, ಎಲ್ಲವನ್ನೂ ಅವರು ಹೇಳಿದ ಕ್ರಮದಲ್ಲೇ.

ಅಲ್ಲಿಂದ ಬಂದ ಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಬೆಲೆಯ ಸಾಲಿನ ಪಕ್ಕ ಇನ್ನೊಂದು ಸಾಲು ಎಳೆದೆ: ಯಾರ ಕೈಯಿಂದ ಬಂತು. ಒಂಬತ್ತರಲ್ಲಿ ಮೂರಕ್ಕೆ ಮಾತ್ರ ಅಲ್ಲಿ ಏನಾದರೂ ಬರೆಯಲು ಸಾಧ್ಯವಾಯಿತು. ಉಳಿದ ಆರನ್ನು ಮಾರಿದವರಲ್ಲಿ ಇಬ್ಬರ ಅಂಗಡಿಗಳು ಇನ್ನೂ ಇವೆ, ಹೋಗಿ ಕೇಳಬೇಕು. ಯಾದವಗಿರಿಯ ನಾರಾಯಣ್ ಮನೆ ನೆಲಸಮವಾಗುವುದು ತಪ್ಪಿ 2016ರಲ್ಲಿ ವಸ್ತುಸಂಗ್ರಹಾಲಯವಾಗಿದೆ. ಆದರೆ ಅಲ್ಲಿಂದ ಹೊರಟು ಊರಿನ ಮನೆಮನೆಗಳ ಟ್ರಂಕು ಸೇರಿದ ಪುಸ್ತಕಗಳ ಪಟ್ಟಿಯನ್ನು ನಾನು ಎಲ್ಲೂ ಕಂಡಿಲ್ಲ.

ಮೊನ್ನೆ ಅಜ್ಜಿ ಫೋನ್ ಮಾಡಿದ್ದರು. ಅಟ್ಟದ ಟ್ರಂಕಿನಲ್ಲಿ ಮೇಷ್ಟ್ರ ಡೈರಿಗಳು ಸಿಕ್ಕಿವೆಯಂತೆ, 1961ರದ್ದೂ ಇದೆಯಂತೆ. ಅಕ್ಷರ ಸಣ್ಣದು, ತಮಗೆ ಕಾಣುವುದಿಲ್ಲ, ಭಾನುವಾರ ಬೆಳಿಗ್ಗೆ ತಿಂಡಿಗೆ ಬಂದು ಓದಿ ಹೇಳು ಎಂದರು. ಭೂತಗನ್ನಡಿಯನ್ನು ಒರೆಸಿ ಚೀಲದಲ್ಲಿಟ್ಟಿದ್ದೇನೆ.