ಹಸುಗೂಸಿನ ಚರ್ಮ ಮತ್ತು ನಾವು ಎರೆಯುವ ರೀತಿ

ಮಗಳ ಬಾಣಂತನದಿಂದಾಗಿ ನಮ್ಮ ಮನೆಯಲ್ಲೀಗ ಹಸುಗೂಸಿದೆ. ನೋಡಲು ಬಂದವರು ಮಗುವಿನ ತೂಕದ ನಂತರ ಕೇಳುವುದು ಬಹುಮಟ್ಟಿಗೆ ಚರ್ಮದ ಬಗ್ಗೆಯೇ: ಮೈ ಯಾಕೆ ಸುಲಿಯುತ್ತಿದೆ, ಮುಖದ ಮೇಲೆ ಇದೇನು ಗುಳ್ಳೆ, ಯಾವ ಹಿಟ್ಟು ಹಚ್ಚಿ ಎರೆಯುತ್ತೀರಿ. ಇವಕ್ಕೆ ನಿಧಾನವಾಗಿ ಉತ್ತರಿಸಬೇಕೆನಿಸಿ ಇದನ್ನು ಬರೆಯುತ್ತಿದ್ದೇನೆ.

ಹುಟ್ಟಿದ ಕೂಸಿನ ಮೈಮೇಲೆ ಬೆಣ್ಣೆ ಬಳಿದಂತೆ ಕಾಣುವ ಬಿಳಿಯ ಪದರವನ್ನು ಅನೇಕರು ಕೊಳೆಯೆಂದೇ ಭಾವಿಸುತ್ತಾರೆ. ವೈದ್ಯರು ವರ್ನಿಕ್ಸ್ ಎನ್ನುವ ಈ ಪದರ ಗರ್ಭದ ನೀರಿನಲ್ಲಿ ಮುಳುಗಿದ್ದ ಚರ್ಮವನ್ನು ಕಾಪಾಡುತ್ತದೆ. ಹುಟ್ಟಿದ ಮೇಲೂ ತೇವವನ್ನು ಹಿಡಿದಿಟ್ಟು, ಸೋಂಕನ್ನು ತಡೆಯಲು ನೆರವಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಮೊದಲ ಸ್ನಾನವನ್ನು ಕನಿಷ್ಠ 24 ಗಂಟೆ ಮುಂದೂಡಬೇಕೆಂದು ಹೇಳಿರುವುದಕ್ಕೆ ಮಗುವಿನ ಮೈ ತಣ್ಣಗಾಗಬಾರದೆಂಬುದು ಒಂದು ಮುಖ್ಯ ಕಾರಣ. ಅಲ್ಲಿಯವರೆಗೆ ಮೈಯನ್ನು ಮೃದುವಾದ ಬಟ್ಟೆಯಿಂದ ಒರೆಸಿ, ತಾಯಿಯ ಎದೆಗೆ ಅಪ್ಪಿಸಿ ಬೆಚ್ಚಗಿಟ್ಟರೆ ಸಾಕು.

ನವಜಾತ ಶಿಶುವಿನ ಚರ್ಮ ದೊಡ್ಡವರ ಚರ್ಮಕ್ಕಿಂತ ತೆಳು. ಅದರಿಂದ ನೀರಿನಂಶ ಬೇಗ ಆರಿಹೋಗುತ್ತದೆ, ಹಚ್ಚಿದ ಪದಾರ್ಥ ಸುಲಭವಾಗಿ ಒಳಗಿಳಿಯುತ್ತದೆ. ನಮ್ಮ ಚರ್ಮದ ಮೇಲಿರುವ ತುಸು ಆಮ್ಲೀಯವಾದ ರಕ್ಷಣೆ ಹುಟ್ಟಿದ ಮಗುವಿಗೆ ಇನ್ನೂ ಬಂದಿರುವುದಿಲ್ಲ, ಅದು ಕೆಲವು ವಾರಗಳಲ್ಲಿ ತಾನಾಗಿಯೇ ರೂಪುಗೊಳ್ಳುತ್ತದೆ. ಕ್ಷಾರದ ಅಂಶ ಹೆಚ್ಚಿರುವ ಸಾಬೂನು, ಬಚ್ಚಲ ನೀರಿಗೆ ಬೆರೆಸುವ ಕ್ರಿಮಿನಾಶಕ ದ್ರಾವಣ, ಘಾಟು ಸುಗಂಧ ಇವೆಲ್ಲ ಆ ಕೆಲಸಕ್ಕೆ ಅಡ್ಡಿಯಾಗುತ್ತವೆ.

ಮೈಮೇಲೆ ಕಾಣುವ ಬಹಳಷ್ಟು ಗುರುತುಗಳಿಗೆ ಔಷಧಿಯೇ ಬೇಡ. ಮೂಗಿನ ಮೇಲಿನ ಸಾಸಿವೆಗಿಂತ ಸಣ್ಣ ಬಿಳಿಚುಕ್ಕೆಗಳು, ಎರಡು ಮೂರನೆಯ ದಿನ ಏಳುವ, ನಡುವೆ ಹಳದಿ ಮೊನೆಯಿರುವ ಕೆಂಪು ದದ್ದುಗಳು, ಕೈಕಾಲುಗಳಲ್ಲಿ ಸುಲಿಯುವ ಸಿಪ್ಪೆ ಇವೆಲ್ಲ ದಿನಗಳಲ್ಲೋ ವಾರಗಳಲ್ಲೋ ಮಾಯವಾಗುತ್ತವೆ. ಬೆನ್ನಿನ ಕೆಳಭಾಗದಲ್ಲಿರುವ ನೀಲಿಬಣ್ಣದ ಮಚ್ಚೆ ನಮ್ಮ ಮಕ್ಕಳಲ್ಲಿ ಬಹಳ ಸಾಮಾನ್ಯ. ಅದು ಏಟಿನ ಗುರುತಲ್ಲ, ವರ್ಷಗಳು ಕಳೆದಂತೆ ಮಸುಕಾಗುತ್ತದೆ.

ಎರೆಯುವ ವಿಷಯಕ್ಕೆ ಬರೋಣ. ಎಣ್ಣೆ ತಿಕ್ಕುವ ಪದ್ಧತಿಯನ್ನು ಪೂರ್ತಿ ಬಿಡಬೇಕೆಂದು ನಾನು ಹೇಳುವುದಿಲ್ಲ. ಶುದ್ಧವಾದ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡು, ಒತ್ತದೆ ಸವರಿದರೆ ಮಗು ಸುಖವಾಗಿ ಕೈಕಾಲು ಚಾಚುತ್ತದೆ, ತಾಯಿಗೂ ಮಗುವಿಗೂ ಅದೊಂದು ಒಳ್ಳೆಯ ಹೊತ್ತು. ಸಾಸಿವೆ ಎಣ್ಣೆ ಮತ್ತು ಆಲಿವ್ ಎಣ್ಣೆ ಮಾತ್ರ ಎಳೆಚರ್ಮದ ತಡೆಗೋಡೆಗೆ ಹಾನಿ ಮಾಡಬಲ್ಲವು. ಕಿವಿ ಮೂಗುಗಳಿಗೆ ಯಾವ ಎಣ್ಣೆಯನ್ನೂ ಬಿಡಬಾರದು. ಆದರೆ ಕಡಲೆಹಿಟ್ಟು ಹಚ್ಚಿ ಉಜ್ಜುವುದನ್ನು ನಾನು ಖಂಡಿತ ಒಪ್ಪುವುದಿಲ್ಲ. ಮೈಮೇಲಿನ ನವಿರುಗೂದಲು ಹೋಗಲೆಂದು ಉಜ್ಜುತ್ತಾರೆ, ಆ ಕೂದಲು ಯಾರೂ ಉಜ್ಜದಿದ್ದರೂ ಉದುರುತ್ತದೆ. ಉಜ್ಜಿದ್ದಕ್ಕೆ ಸಿಗುವುದು ತರಚಿದ ಚರ್ಮ ಮತ್ತು ತೊಡೆಸಂದಿಯಲ್ಲಿ ಉಳಿದು ಹುಳಿಯುವ ಹಿಟ್ಟು. ಹಂಡೆಯಿಂದ ತೋಡಿದ ಸುಡುನೀರೂ ಬೇಡ. ನೀರು ಮೈಬಿಸಿಯಷ್ಟು, ಅಂದರೆ ಸುಮಾರು 37 ಡಿಗ್ರಿ ಇರಬೇಕು; ಮೊಣಕೈ ಅದ್ದಿ ನೋಡಿದರೆ ಬಿಸಿಯೆಂದೂ ತಣ್ಣಗೆಂದೂ ಅನಿಸಬಾರದು. ಐದು ಹತ್ತು ನಿಮಿಷದಲ್ಲಿ ಸ್ನಾನ ಮುಗಿಯಬೇಕು. ಸಾಂಬ್ರಾಣಿ ಹೊಗೆ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಪೌಡರ್ ಕೂಡ ಉಸಿರಿನೊಂದಿಗೆ ಒಳಹೋಗುತ್ತದೆ. ಹೊಕ್ಕುಳಬಳ್ಳಿಗೆ ಬೂದಿ, ಅರಿಸಿನ, ಎಣ್ಣೆ ಯಾವುದನ್ನೂ ಹಚ್ಚದೆ ಒಣಗಲು ಬಿಟ್ಟರೆ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಬಿದ್ದುಹೋಗುತ್ತದೆ.

ಹೆಚ್ಚು ಗಮನ ಬೇಕಾದುದು ಕತ್ತಿನ ಮಡಿಕೆಗೆ. ಗಲ್ಲವನ್ನು ಮೆಲ್ಲಗೆ ಎತ್ತಿ ನೋಡಿದರೆ ಅಲ್ಲಿ ಇಳಿದ ಹಾಲು ಒಡೆದು ಗಂಟಾಗಿ, ಅದರಡಿಯ ಚರ್ಮ ಕೆಂಪಾಗಿರುವುದು ಕಾಣುತ್ತದೆ. ಒದ್ದೆ ಹತ್ತಿಯಿಂದ ತೆಗೆದು, ಒಣಬಟ್ಟೆಯನ್ನು ಒತ್ತಿ ತೇವ ಹೀರಿಸಬೇಕು. ತೊಡೆಸಂದಿಗೂ ಇದೇ ಕ್ರಮ. ಡಯಾಪರ್ ತೆಗೆದು ದಿನಕ್ಕೆ ಕೆಲವು ಸಲ ಗಾಳಿಯಾಡಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಬೇಸಗೆಯಲ್ಲಿ ಕುಲಾವಿ, ಸ್ವೆಟರ್, ಕಂಬಳಿ ಎಲ್ಲ ಸುತ್ತಿದರೆ ಬೆವರುಸಾಲೆ ಏಳುತ್ತದೆ.

ಕಾಮಾಲೆಯನ್ನು ಹಗಲು ಬೆಳಕಿನಲ್ಲಿ ನೋಡಬೇಕು. ಮೂಗಿನ ತುದಿಯನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಚರ್ಮ ಹಳದಿಯಾಗಿ ಕಂಡರೆ ಎದೆ, ಹೊಟ್ಟೆ, ಅಂಗಾಲುಗಳನ್ನೂ ಪರೀಕ್ಷಿಸಬೇಕು. ಕಪ್ಪುಮೈಯ ಮಕ್ಕಳಲ್ಲಿ ಕಣ್ಣಿನ ಬಿಳಿಭಾಗ ಮತ್ತು ಒಸಡುಗಳನ್ನು ನೋಡುವುದು ಹೆಚ್ಚು ನಂಬಿಕೆಗೆ ಅರ್ಹ. ಬೆಳಗಿನ ಬಿಸಿಲಿಗೆ ಹಿಡಿದರೆ ಹೋಗುತ್ತದೆ ಎಂಬ ಮಾತನ್ನು ನಂಬಿ ಕಾಯಬಾರದು. ಮೊದಲ 24 ಗಂಟೆಯೊಳಗೇ ಹಳದಿ ಕಂಡರೆ, ಅಂಗೈ ಅಂಗಾಲುಗಳಿಗೆ ಇಳಿದಿದ್ದರೆ, ಮಗು ಹಾಲು ಚೀಪದೆ ಮಂಕಾಗಿದ್ದರೆ, ಕೀವು ತುಂಬಿದ ಬೊಕ್ಕೆಗಳೆದ್ದರೆ, ಹೊಕ್ಕುಳ ಸುತ್ತ ಕೆಂಪೇರಿ ದುರ್ವಾಸನೆ ಬಂದರೆ, ತುಟಿ ನಾಲಿಗೆಗಳು ನೀಲಿಗಟ್ಟಿದರೆ, ಜ್ವರ 38 ಡಿಗ್ರಿ ಮುಟ್ಟಿದರೆ, ಅಥವಾ ಮೈ ತಣ್ಣಗಾಗುತ್ತಿದ್ದರೆ, ಬೆಳಗಾಗಲಿ ಎನ್ನದೆ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕು.