400 ಗ್ರಾಂ ಮೇಷ್ಟ್ರು

ಕಳೆದ ತಿಂಗಳು ನಮ್ಮ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಯಾರೋ ಬರೆದರು: ‘400 ಗ್ರಾಂ ಹೋದರಂತೆ.’ ಹೊರಗಿನವರು ಓದಿದ್ದರೆ ಯಾರದೋ ಬಂಗಾರ ಕಳುವಾಯಿತು ಅಂದುಕೊಳ್ಳುತ್ತಿದ್ದರು. ನನಗೆ ಮಾತ್ರ ಅವತ್ತು ಕೋರ್ಟಿನಲ್ಲಿ ಮನಸ್ಸು ನಿಲ್ಲಲಿಲ್ಲ.

ಮೇಷ್ಟ್ರು ನಮಗೆ ಇಂಟರ್‌ನ್ಯಾಷನಲ್ ಲಾ ಕಲಿಸಿದವರು. 1868ರ ಸೇಂಟ್ ಪೀಟರ್ಸ್‌ಬರ್ಗ್ ಘೋಷಣೆ ಅಂದರೆ ಅವರಿಗೆ ಪ್ರಾಣ. 400 ಗ್ರಾಂಗಿಂತ ಕಡಿಮೆ ತೂಕದ ಸಿಡಿಯುವ ಗುಂಡನ್ನು ಯುದ್ಧದಲ್ಲಿ ಬಳಸುವುದಿಲ್ಲ ಅಂತ ಒಂದಷ್ಟು ದೇಶಗಳು ಮಾತು ಕೊಟ್ಟದ್ದು ಆಗ. ‘ದೊಡ್ಡದನ್ನು ಬಿಟ್ಟು ಸಣ್ಣದನ್ನು ಯಾಕಪ್ಪಾ ನಿಷೇಧಿಸಿದರು?’ ಅಂತ ಕೇಳಿ ಕಿಟಕಿ ಕಡೆ ತಿರುಗಿ ನಿಲ್ಲುತ್ತಿದ್ದರು. ನಾವೂ ಸುಮ್ನೆ ಇರುತ್ತಿದ್ದೆವು. ಆಮೇಲೆ ಅವರೇ ಹೇಳುವರು: ‘ದೊಡ್ಡದು ಗೋಡೆಗೆ, ಗಾಡಿಗೆ. ಸಣ್ಣದು ಬೀಳುವುದು ಒಬ್ಬನ ಮೈಗೆ. ಮಾಮೂಲಿ ಗುಂಡಿಗೇ ಅವನು ಬಿದ್ದಿರುತ್ತಾನೆ. ಒಳಗೆ ಹೋಗಿ ಮತ್ತೆ ಸಿಡಿಯುವುದು ಯಾಕೆ?’ ಮಿಕ್ಕ ಸಿಲಬಸ್ ಏನಿತ್ತೋ, ದೇವರಾಣೆ ನೆನಪಿಲ್ಲ.

1996ರ ದೀಪಾವಳಿ ರಜೆಯ ಹಿಂದಿನ ದಿನ. ನಾವು ಮೂವರು ಒಂದು ಆಟಂ ಬಾಂಬ್ ಪಟಾಕಿಯ ಬತ್ತಿಗೆ ಉರಿಯುವ ಊದುಬತ್ತಿ ಕಟ್ಟಿ, ಕ್ಲಾಸಿನ ಹಿಂದಿನ ಜಗಲಿಯಲ್ಲಿಟ್ಟು, ಮೊದಲ ಬೆಂಚಿನಲ್ಲಿ ಸಾಧುಗಳ ಹಾಗೆ ಕೂತೆವು. ಆ ಜುಲೈನಲ್ಲಷ್ಟೇ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯ ಅಣ್ವಸ್ತ್ರದ ಬಗ್ಗೆ ಅಭಿಪ್ರಾಯ ಕೊಟ್ಟಿತ್ತು. ಮೇಷ್ಟ್ರು ಅದನ್ನೇ ಹೇಳುತ್ತಿದ್ದರು. ‘ಓಟು 7-7 ಆಯ್ತು. ಅಧ್ಯಕ್ಷರು ಇನ್ನೊಂದು ಓಟು ಹಾಕಬೇಕಾಯ್ತು. ಅಣ್ವಸ್ತ್ರ ಬಳಸುವುದು ಸಾಮಾನ್ಯವಾಗಿ ಕಾನೂನಿಗೆ ವಿರುದ್ಧ ಅಂದರು. ಆದರೆ ದೇಶದ ಉಳಿವೇ ಪ್ರಶ್ನೆಯಾದಾಗ...’

ಢಂ!

ಮೇಷ್ಟ್ರು ಸೀಮೆಸುಣ್ಣ ಕೆಳಗಿಟ್ಟರು. ‘ತೂಕ ಎಷ್ಟಪ್ಪಾ?’

ನಾನು ಎದ್ದು ನಿಂತೆ. ವಾದ ಮಾಡುವ ಚಪಲ ಆಗಲೇ ಇತ್ತು. ‘ಸಾರ್, ಅದು ಹಾರಿಸಿದ್ದಲ್ಲ, ಇಟ್ಟಿದ್ದು. ನಿಮ್ಮ ಘೋಷಣೆ ಇದಕ್ಕೆ ಬರಲ್ಲ.’

‘ಇಟ್ಟಿದ್ದಾದರೆ ನೆಲಬಾಂಬು. ಅಂಥ ಆಯುಧಗಳಿಗೆ ಕಡಿವಾಣ ಹಾಕುವ 1980ರ ಒಪ್ಪಂದ, ಅದರ ಎರಡನೇ ಪ್ರೋಟೋಕಾಲ್.’

‘ಯಾರೂ ತುಳಿದಿಲ್ಲ ಸಾರ್. ಊದುಬತ್ತಿ ಉರಿದು ತಾನಾಗಿ ಸಿಡಿದದ್ದು.’

‘ಹೊತ್ತು ಕಳೆದ ಮೇಲೆ ತಾನಾಗಿ ಸಿಡಿಯುವುದಕ್ಕೂ ಅದರಲ್ಲೇ ಜಾಗ ಇದೆ. “ಇತರ ಸಾಧನಗಳು” ಅಂತ.’ ಆಮೇಲೆ ಕನ್ನಡಕ ಒರೆಸುತ್ತಾ ನಕ್ಕರು. ‘ಊದುಬತ್ತಿ ವಿಷಯ ನಾನು ಕೇಳೇ ಇರಲಿಲ್ಲವಲ್ಲ ಲಾಯರೇ?’

ರಜೆಯಿಡೀ ಆ ಪ್ರೋಟೋಕಾಲನ್ನು ಕೈಯಲ್ಲಿ ಬರೆದೆ.

ಈಗ ನನ್ನ ಪಾಟೀಸವಾಲಿಗೆ ನಮ್ಮ ಜಿಲ್ಲೆಯಲ್ಲಿ ಒಂದಿಷ್ಟು ಹೆಸರಿದೆ. ನಾನೇ ಹೇಳಿಕೊಳ್ಳಬಾರದು, ಆದರೂ ಇದೆ. ಸಾಕ್ಷಿಯನ್ನು ಜಾಸ್ತಿ ಕೇಳಬಾರದು, ಅವನಿಗೇ ವಾದ ಮಾಡಲು ಬಿಡಬೇಕು. ಇದನ್ನು ಯಾವ ಗೈಡಿನಲ್ಲೂ ಓದಿದ್ದಲ್ಲ. ಹೋದ ವರ್ಷ ಒಂದು ಕಾಲೇಜಿಗೆ ಉಪನ್ಯಾಸಕ್ಕೆ ಹೋಗಿದ್ದೆ. ನೆಲಬಾಂಬು ನಿಷೇಧಿಸಿದ 1997ರ ಒಟ್ಟಾವಾ ಒಪ್ಪಂದಕ್ಕೆ ಭಾರತ ಯಾಕೆ ಸೇರಿಲ್ಲ ಅಂತ ಕೇಳಿದೆ. ‘ಸಾರ್, ಪಿಡಿಎಫ್ ಕಳಿಸ್ತೀರಾ?’ ಅಂತ ಒಬ್ಬ ಹುಡುಗ ಕೇಳಿದ. ಪಾಪ, ಅವನದೇನು ತಪ್ಪು?

ಅಂದಹಾಗೆ, ಊದುಬತ್ತಿಗೆ ಕಡ್ಡಿ ಗೀರಿದವನು ನಾನಲ್ಲ. ಗೀರಿದವರು ಈಗ ನ್ಯಾಯಾಧೀಶರು. ಮೇಷ್ಟ್ರು ಕೊನೆಯವರೆಗೂ ಕೇಳಲಿಲ್ಲ, ನಾನೂ ಹೇಳಲಿಲ್ಲ.