ಎರಡು ತೂತುಗಳ ನಡುವೆ: ಆಯಿಲ್ ಮಟ್ಟದ ಲೆಕ್ಕ

62,140 ಕಿ.ಮೀ.

ಸರ್ವಿಸ್ ಮುಗಿಸಿ ಕಾರು ಬಂದು ಮೂರು ದಿನ ಆಯ್ತು. ಬೆಳಿಗ್ಗೆ ಸುಮ್ನೆ ಬಾನೆಟ್ ಎತ್ತಿ ಡಿಪ್‌ಸ್ಟಿಕ್, ಅಂದರೆ ಎಂಜಿನ್ ಆಯಿಲ್ ಮಟ್ಟ ತೋರಿಸುವ ಕಡ್ಡಿ, ಎಳೆದು ನೋಡಿದೆ. ಅದರಲ್ಲಿ ಎರಡು ತೂತುಗಳಿವೆ: ಮೇಲಿನದು ಗರಿಷ್ಠ ಮಟ್ಟ, ಕೆಳಗಿನದು ಕನಿಷ್ಠ. ಆಯಿಲ್ ಮೇಲಿನ ತೂತನ್ನೂ ದಾಟಿ 9 ಮಿ.ಮೀ. ಮೇಲೆ ನಿಂತಿತ್ತು. ಒರೆಸಿ, ಮತ್ತೆ ಹಾಕಿ ತೆಗೆದೆ. ಅಷ್ಟೇ ಇತ್ತು.

ಬಿಲ್ ಹುಡುಕಿದೆ. ಆಯಿಲ್ 4 ಲೀಟರ್ ಎಂದಿದೆ. ನನ್ನ ಪೆಟ್ರೋಲ್ ಎಂಜಿನ್‌ಗೆ ಫಿಲ್ಟರ್ ಬದಲಿಸಿದಾಗ 3.6 ಲೀಟರ್ ಸಾಕು ಎನ್ನುತ್ತದೆ ಮ್ಯಾನುಯಲ್. ಡಬ್ಬ 4 ಲೀಟರಿನದು, ಇಡೀ ಡಬ್ಬ ಸುರಿದಿದ್ದಾರೆ. ಎರಡು ತೂತುಗಳ ನಡುವೆ 1 ಲೀಟರ್ ಹಿಡಿಯುತ್ತದೆ ಎಂದೂ ಮ್ಯಾನುಯಲ್‌ನಲ್ಲಿದೆ. ಸ್ಕೇಲ್ ಇಟ್ಟು ಅಳೆದರೆ ಆ ಅಂತರ 22 ಮಿ.ಮೀ. ಅಂದರೆ 1 ಮಿ.ಮೀ.ಗೆ ಸುಮಾರು 45 ಮಿ.ಲೀ. 9 ಮಿ.ಮೀ. ಅಂದರೆ 400 ಮಿ.ಲೀ. ಬಿಲ್ಲಿಗೂ ಕಡ್ಡಿಗೂ ಲೆಕ್ಕ ಸರಿಯಾಗಿ ಕೂತಿತು.

‘ಜಾಸ್ತಿ ಇದ್ದರೆ ಒಳ್ಳೇದೇ ಅಲ್ವಾ’ ಎನ್ನುವ ಮಾತು ಎಷ್ಟೋ ಸಲ ಕೇಳಿದ್ದೇನೆ. ಒಳ್ಳೆಯದಲ್ಲ. ಎಂಜಿನ್ ಅಡಿಯ ಚೇಂಬರ್‌ನಲ್ಲಿ ಆಯಿಲ್ ನಿಂತಿರುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಕ್ರ್ಯಾಂಕ್‌ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ದಂಡ) ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತದೆ. ಮಟ್ಟ ತೀರಾ ಏರಿದರೆ ಆ ಕ್ರ್ಯಾಂಕ್ ಕಡೆಗೋಲಿನ ಹಾಗೆ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ. ನೊರೆ ಅಂದರೆ ಅರ್ಧ ಗಾಳಿ. ಪಂಪ್ ಅದನ್ನೇ ಎಳೆದು ಕಳಿಸಿದರೆ ಬೇರಿಂಗ್‌ಗಳ ನಡುವೆ ಆಯಿಲ್ ಪದರ ನಿಲ್ಲುವುದಿಲ್ಲ. ಇನ್ನೊಂದು ಕಡೆ, ಎಂಜಿನ್ ಒಳಗಿನ ಆವಿ ಹೊರಹೋಗುವ ಬ್ರೀದರ್ ಪೈಪ್ ಹಿಡಿದು ಆಯಿಲ್ ಇನ್‌ಟೇಕ್‌ಗೆ (ಎಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ) ಹೋಗಿ ಉರಿದು ನೀಲಿ ಹೊಗೆ ಬರಬಹುದು. 400 ಮಿ.ಲೀ.ಗೆ ಇಷ್ಟೆಲ್ಲ ಆಗಿಯೇ ಆಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಗೊತ್ತಿದ್ದೂ ಹಾಗೇ ಬಿಡಲು ಮನಸ್ಸು ಒಪ್ಪಲಿಲ್ಲ.

ತೆಗೆದದ್ದು ಹೀಗೆ. ಎಂಜಿನ್ ಸ್ವಲ್ಪ ಬಿಸಿ ಮಾಡಿ ಆಫ್ ಮಾಡಿದೆ. ಡಿಪ್‌ಸ್ಟಿಕ್ ಹೋಗುವ ಕೊಳವೆಯಲ್ಲಿ ತೆಳು ಟ್ಯೂಬ್ ಇಳಿಬಿಟ್ಟು, 60 ಮಿ.ಲೀ. ಸಿರಿಂಜ್‌ನಿಂದ ಎಳೆದೆ. ಬಿಸಿ ಇದ್ದರೆ ಆಯಿಲ್ ತೆಳ್ಳಗಾಗಿ ಬೇಗ ಬರುತ್ತದೆ. ಏಳು ಸಲ ಎಳೆದ ಮೇಲೆ ಮಟ್ಟ ಮೇಲಿನ ತೂತಿನ ಹತ್ತಿರ ಬಂತು. ಮುಂದಿನ ಸರ್ವಿಸ್ ನಾನೇ ಮಾಡಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ.

62,400 ಕಿ.ಮೀ.

ಸರ್ವಿಸ್ ಮಾಡುವ ಮೊದಲು ಕಡ್ಡಿ ಓದುವುದನ್ನು ಕಲಿಯಬೇಕು. ಒಂದು ಸಂಜೆ ಅದಕ್ಕೇ ಮೀಸಲಿಟ್ಟೆ. ಅರ್ಧ ಗಂಟೆ ಓಡಿಸಿ ಬಂದು, ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಆಫ್ ಮಾಡಿ ಗಡಿಯಾರ ನೋಡುತ್ತಾ ಕೂತೆ.

2 ನಿಮಿಷಕ್ಕೆ ಮಟ್ಟ ಮೇಲಿನ ತೂತಿಗಿಂತ 7 ಮಿ.ಮೀ. ಕೆಳಗೆ. 5 ನಿಮಿಷಕ್ಕೆ 4. 10 ನಿಮಿಷಕ್ಕೆ 2. ಅರ್ಧ ಗಂಟೆಗೆ 1. ಎಂಜಿನ್ ಮೇಲ್ಭಾಗದಲ್ಲಿ ಹರಡಿದ ಆಯಿಲ್ ಕೆಳಗೆ ಇಳಿದು ಬರಲು ಇಷ್ಟು ಹೊತ್ತು ಬೇಕು. ಬೆಳಿಗ್ಗೆ ಎದ್ದು ನೋಡಿದರೆ 3 ಮಿ.ಮೀ. ಕೆಳಗೆ!

ರಾತ್ರಿಯಿಡೀ ಇಳಿದ ಮೇಲೆ ಮಟ್ಟ ಇನ್ನೂ ಏರಬೇಕಿತ್ತಲ್ವಾ? ಯೋಚಿಸಿದಾಗ ಹೊಳೆಯಿತು. ಆಯಿಲ್ ತಣ್ಣಗಾದರೆ ಕುಗ್ಗುತ್ತದೆ. ಒಂದು ಡಿಗ್ರಿಗೆ ಹೆಚ್ಚುಕಡಿಮೆ ಶೇ. 0.07ರಷ್ಟು. 3.6 ಲೀಟರ್ ಆಯಿಲ್ 55 ಡಿಗ್ರಿ ತಣ್ಣಗಾದರೆ ಸುಮಾರು 140 ಮಿ.ಲೀ. ಕಡಿಮೆ ಕಾಣುತ್ತದೆ. ಕಡ್ಡಿಯ ಮೇಲೆ ಅದು 3 ಮಿ.ಮೀ. ಮೇಲಿನಿಂದ ಇಳಿದ ಆಯಿಲ್ ಅದರಲ್ಲಿ 1 ಮಿ.ಮೀ. ತುಂಬಿಕೊಟ್ಟಿದೆ. ಈ ಲೆಕ್ಕ ಕೂಡಿದಾಗ ಎಷ್ಟು ಖುಷಿಯಾಯಿತು ಅಂದರೆ, ನೋಟ್‌ಬುಕ್‌ನಲ್ಲಿ ಅದೇ ಸಾಲನ್ನು ಎರಡು ಸಲ ಬರೆದೆ.

ಹಾಗಾಗಿ ‘ಬಿಸಿಯಲ್ಲಿ ನೋಡಬೇಕಾ, ತಣ್ಣಗಿದ್ದಾಗ ನೋಡಬೇಕಾ’ ಎಂಬುದಕ್ಕೆ ಎಲ್ಲ ಕಾರಿಗೂ ಒಂದೇ ಉತ್ತರ ಇಲ್ಲ. ಕೆಲವು ಕಂಪನಿಗಳು ಬಿಸಿಯಲ್ಲಿ ನೋಡಿ ಎನ್ನುತ್ತವೆ, ಕೆಲವು ತಣ್ಣಗಿದ್ದಾಗ. ಕೆಲವು ಕಾರುಗಳಲ್ಲಿ ಕಡ್ಡಿಯೇ ಇಲ್ಲ, ಸೆನ್ಸರ್ ಮಾತ್ರ. ನಿಮ್ಮ ಮ್ಯಾನುಯಲ್ ಏನು ಹೇಳುತ್ತದೋ ಅದೇ ಸರಿ. ನನ್ನದು ಬಿಸಿ ಎಂಜಿನ್, ಆಫ್ ಮಾಡಿ 5 ನಿಮಿಷಕ್ಕಿಂತ ಹೆಚ್ಚು ಕಾಯಿರಿ ಎನ್ನುತ್ತದೆ. ನಾನು 10 ನಿಮಿಷ ಎಂದು ಗಟ್ಟಿ ಮಾಡಿಕೊಂಡೆ. ಪ್ರತಿ ಸಲವೂ ಅದೇ ಜಾಗ, ಅದೇ 10 ನಿಮಿಷ.

ಮೊದಲ ಸಲ ಎಳೆದಾಗ ಕಾಣುವುದನ್ನು ನಂಬಬೇಡಿ. ಕೊಳವೆಯ ಗೋಡೆಗೆ ಅಂಟಿದ ಆಯಿಲ್ ಕಡ್ಡಿಗೆ ಬಳಿದುಕೊಂಡು ಮಟ್ಟ ಮೇಲಿದ್ದಂತೆ ತೋರಿಸುತ್ತದೆ. ಒರೆಸಿ, ಪೂರ್ತಿ ಒಳಗೆ ಕೂರಿಸಿ, ಮತ್ತೆ ಎಳೆಯಿರಿ. ಕಡ್ಡಿಯ ಎರಡೂ ಮುಖ ನೋಡಿ. ಒಂದೊಂದರಲ್ಲಿ ಒಂದೊಂದು ಮಟ್ಟ ಕಂಡರೆ, ಕೆಳಗಿನದನ್ನೇ ಹಿಡಿಯಿರಿ.

ನಡುವೆ ಒಂದು ಮಾತು

ಡೀಸೆಲ್ ಕಾರಿರುವ ಗೆಳೆಯನೊಬ್ಬ ಫೋನ್ ಮಾಡಿದ್ದ. ಅವನ ಕಾರಿನಲ್ಲಿ ಯಾರೂ ಆಯಿಲ್ ಹಾಕದೆಯೇ ಮಟ್ಟ ಏರುತ್ತಿದೆಯಂತೆ. ಅವನು ಓಡಿಸುವುದು ಬರೀ ಎರಡು ಮೂರು ಕಿಲೋಮೀಟರ್. ಡಿಪಿಎಫ್ (ಹೊಗೆಯಲ್ಲಿನ ಮಸಿ ಹಿಡಿಯುವ ಫಿಲ್ಟರ್) ಇರುವ ಎಷ್ಟೋ ಡೀಸೆಲ್ ಕಾರುಗಳಲ್ಲಿ, ಫಿಲ್ಟರ್‌ನಲ್ಲಿ ಕೂತ ಮಸಿಯನ್ನು ಸುಡಲು ಸಿಲಿಂಡರ್‌ಗೆ ಹೆಚ್ಚುವರಿ ಡೀಸೆಲ್ ಬಿಡುತ್ತಾರೆ. ಸುಡುವ ಕೆಲಸ ಅರ್ಧಕ್ಕೇ ನಿಲ್ಲುತ್ತಾ ಹೋದರೆ ಆ ಡೀಸೆಲ್ ಸ್ವಲ್ಪ ಸ್ವಲ್ಪವೇ ಆಯಿಲ್‌ಗೆ ಇಳಿಯುತ್ತದೆ. ಮಟ್ಟವೂ ಏರುತ್ತದೆ, ಆಯಿಲೂ ತೆಳ್ಳಗಾಗುತ್ತದೆ. ಅಂಥದ್ದಕ್ಕೆ ಸಿರಿಂಜ್ ಮದ್ದಲ್ಲ. ಆಯಿಲನ್ನೇ ಬದಲಿಸಬೇಕು. ಇವತ್ತೇ ತೋರಿಸು ಎಂದೆ.

71,900 ಕಿ.ಮೀ., ಸರ್ವಿಸ್ ದಿನ

ಹಳೆ ಆಯಿಲ್ ಬಿಡುವ ಮೊದಲು ಮಟ್ಟ ನೋಡಿದೆ. ಮೇಲಿನ ತೂತಿಗಿಂತ 5 ಮಿ.ಮೀ. ಕೆಳಗಿತ್ತು. ಸುಮಾರು ಹತ್ತು ಸಾವಿರ ಕಿಲೋಮೀಟರ್‌ಗೆ 3 ಮಿ.ಮೀ. ಇಳಿದಿದೆ, ಅಂದರೆ 135 ಮಿ.ಲೀ. ಹತ್ತಿರ ಖರ್ಚಾಗಿದೆ, ಚಿಂತೆಯಿಲ್ಲ.

ಮುಂದಿನ ಚಕ್ರಗಳನ್ನು ರ‍್ಯಾಂಪ್ ಹತ್ತಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಇಟ್ಟೆ. ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಡ್ರೈನ್ ಬೋಲ್ಟ್ ಬಿಚ್ಚಿ ಇಪ್ಪತ್ತು ನಿಮಿಷ ಬಿಟ್ಟೆ. ಕೊನೆಯ ಹನಿಗಳು ಬೀಳುವುದು ನಿಧಾನವಾಗುತ್ತಾ ಹೋಗುವುದನ್ನು ನೋಡುತ್ತಾ ಕೂತಿದ್ದೆ. ಫಿಲ್ಟರ್ ಬಿಚ್ಚಿದಾಗ ಮೊದಲು ನೋಡಿದ್ದು ಹಳೆ ರಬ್ಬರ್ ರಿಂಗ್ ಅದರ ಜೊತೆಗೇ ಬಂತಾ ಎಂದು. ಅದು ಎಂಜಿನ್‌ಗೇ ಅಂಟಿಕೊಂಡಿದ್ದು, ಅದರ ಮೇಲೆ ಹೊಸದು ಕೂತರೆ ಆಯಿಲೆಲ್ಲ ಹೊರಗೆ. ಹೊಸ ರಿಂಗ್‌ಗೆ ಬೆರಳಿನಿಂದ ಆಯಿಲ್ ಸವರಿ, ಕೈಯಲ್ಲೇ ತಿರುಗಿಸಿ, ತಗುಲಿದ ಮೇಲೆ ಮುಕ್ಕಾಲು ಸುತ್ತು. ಬೋಲ್ಟ್‌ಗೆ ಹೊಸ ವಾಷರ್ ಹಾಕಿ, ಮ್ಯಾನುಯಲ್‌ನಲ್ಲಿದ್ದ ಟಾರ್ಕ್‌ಗೆ (ಬಿಗಿತದ ಅಳತೆಗೆ) ಬಿಗಿದೆ.

ಬಿದ್ದ ಆಯಿಲನ್ನು ತೂಗಿದೆ. ಟ್ರೇ ತೂಕ ಕಳೆದು 2.72 ಕೆ.ಜಿ. ಎಂಜಿನ್ ಆಯಿಲ್ ಒಂದು ಲೀಟರ್‌ಗೆ ಸುಮಾರು 850 ಗ್ರಾಂ ತೂಗುತ್ತದೆ. ಅಂದರೆ 3.2 ಲೀಟರ್. ಮಟ್ಟ ಮೇಲಿನ ತೂತಿಗಿಂತ ಸುಮಾರು 225 ಮಿ.ಲೀ. ಕಡಿಮೆ ಇತ್ತು. ಹೊಸ ಫಿಲ್ಟರ್ ಹೀರುವುದೂ ಸೇರಿ, ಎಲ್ಲ ಕೂಡಿಸಿದರೂ 3.6ಕ್ಕಿಂತ ಸ್ವಲ್ಪ ಕಡಿಮೆಯೇ ಬೇಕಾದೀತು ಎಂದು ಅಂದಾಜು ಮಾಡಿದೆ. ಹಳೆ ಆಯಿಲ್ ಪೂರ್ತಿ ಹೊರಗೆ ಬರುವುದೇ ಇಲ್ಲವಲ್ಲ.

ಮೊದಲು 3.2 ಲೀಟರ್ ಹಾಕಿದೆ. ಸ್ಟಾರ್ಟ್ ಮಾಡಿದೆ. ಎರಡು ಮೂರು ಸೆಕೆಂಡಿಗೆ ಕೆಂಪು ದೀಪ ಆರಿತು. ಆ ದೀಪ ಹೇಳುವುದು ಆಯಿಲ್ ಒತ್ತಡವನ್ನು, ಮಟ್ಟವನ್ನಲ್ಲ. ದೀಪ ಆರಿತೆಂದು ಮಟ್ಟ ಸರಿಯಿದೆ ಎಂದುಕೊಳ್ಳಬಾರದು. ಕೆಲವು ನಿಮಿಷ ಓಡಿಸಿ, ಸೋರಿಕೆ ನೋಡಿ, ಆಫ್ ಮಾಡಿ 10 ನಿಮಿಷ ಕಾದೆ.

ಕಡ್ಡಿ ಎಳೆದರೆ ಮಟ್ಟ ಕೆಳಗಿನ ತೂತಿನ ಹತ್ತಿರ! ಹತ್ತಿರ ಹತ್ತಿರ ಒಂದು ಲೀಟರ್ ಕಡಿಮೆ ಇದ್ದ ಹಾಗೆ. ಡಬ್ಬ ಎತ್ತಿ ಲಾಳಿಕೆ ಇಟ್ಟೆ. ಸುರಿಯುವ ಹೊತ್ತಿಗೆ ಕಣ್ಣು ಚಕ್ರದ ಕಡೆ ಹೋಯಿತು. ಕಾರು ಇನ್ನೂ ರ‍್ಯಾಂಪ್ ಮೇಲೇ ಇತ್ತು. ಮೂತಿ ಮೇಲಿದ್ದರೆ ಆಯಿಲ್ ಹಿಂದಕ್ಕೆ ಹೋಗುತ್ತದೆ, ನನ್ನ ಕಾರಿನ ಕಡ್ಡಿ ಇರುವುದು ಎಂಜಿನ್‌ನ ಮುಂಭಾಗದಲ್ಲಿ. ಇಳಿಸಿ, ಸಮತಟ್ಟು ಜಾಗಕ್ಕೆ ತಂದು, ಮತ್ತೆ 10 ನಿಮಿಷ ಕಾದು ನೋಡಿದೆ. ಮೇಲಿನ ತೂತಿಗಿಂತ 6 ಮಿ.ಮೀ. ಕೆಳಗೆ. ಅವತ್ತು ಅರ್ಧ ಲೀಟರ್ ಸುರಿದಿದ್ದರೆ ಮತ್ತೆ ಸಿರಿಂಜ್ ಹಿಡಿಯಬೇಕಿತ್ತು.

ಹೊಸ ಆಯಿಲ್ ಓದುವುದು ಕಷ್ಟ. ಜೇನಿನ ಬಣ್ಣ, ತಿಳಿಯಾಗಿರುತ್ತದೆ, ಹೊಳೆಯುವ ಲೋಹದ ಮೇಲೆ ಅಂಚೇ ಕಾಣುವುದಿಲ್ಲ. ನಾನು ತೂತುಗಳ ನಡುವಿನ ಭಾಗವನ್ನು ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಪುಡಿ ಉಳಿಯದಂತೆ ಚೆನ್ನಾಗಿ ತೊಳೆದು ಒರೆಸಿದೆ. ಈಗ ಆಯಿಲ್ ತಾಗಿದ ಜಾಗ ಕಪ್ಪಾಗಿ, ತಾಗದ್ದು ಬೂದು ಬಣ್ಣವಾಗಿ ಕಾಣುತ್ತದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚು ದಾರ ಎಳೆದ ಹಾಗೆ ಸ್ಪಷ್ಟ.

ಆಮೇಲೆ ಅಳತೆ ಲೋಟದಲ್ಲಿ 100 ಮಿ.ಲೀ. ಹಾಕಿದೆ, ಕಾದೆ, ನೋಡಿದೆ. 4 ಮಿ.ಮೀ. ಕೆಳಗೆ. ಇನ್ನೊಂದು 100. 2 ಮಿ.ಮೀ. ಕೆಳಗೆ ಬಂದು ನಿಂತಿತು. ಅಲ್ಲಿಗೇ ಬಿಟ್ಟೆ. ಹಾಕಿದ್ದು ಒಟ್ಟು 3.4 ಲೀಟರ್. ಡಬ್ಬದಲ್ಲಿ ಉಳಿದ 600 ಮಿ.ಲೀ.ಗೆ ಮುಚ್ಚಳ ಬಿಗಿದು, ತಾರೀಖು ಬರೆದು ಇಟ್ಟಿದ್ದೇನೆ. ಹಳೆ ಆಯಿಲ್ ಬೇರೆ ಡಬ್ಬಕ್ಕೆ ತುಂಬಿ, ಬಳಸಿದ ಆಯಿಲ್ ಸಂಗ್ರಹಿಸುವವರಿಗೆ ಕೊಟ್ಟು ಬಂದೆ.

72,230 ಕಿ.ಮೀ.

ಅದೇ ಜಾಗ, 10 ನಿಮಿಷ. 2 ಮಿ.ಮೀ. ಕೆಳಗೆ. ಡ್ರೈನ್ ಬೋಲ್ಟ್ ಸುತ್ತ ಬಿಳಿ ಟಿಶ್ಯೂ ಒತ್ತಿ ನೋಡಿದೆ, ಒಣಗಿದೆ. ಫಿಲ್ಟರ್ ಅಂಚೂ ಒಣಗಿದೆ. ಮುಂದಿನ ಅಳತೆ 73,000ಕ್ಕೆ.